ಗಿರಣಿ ಕೂಗಿದ ಹೊತ್ತು

ಮೊಣಕಾಲು ನೋವಿಗೆ ಯೋಗ ಶಿಬಿರಕ್ಕೆ ಹೋಗುತ್ತೇನೆಂದು ಮಾವನವರಿಗೆ ಸುಳ್ಳು ಹೇಳಿ ಕಸ್ತೂರಮ್ಮ ಜ್ಯೋತಿಷ್ಯ ಕಲಿಯಲು ಹೊರಟಳು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಎರಡಂತಸ್ತಿನ ಮನೆ ಇರುವ, ಮಗಳನ್ನು ಹಲ್ಲಿನ ಡಾಕ್ಟರು ಮಾಡಿದ ಹೆಂಗಸು ಈ ವಯಸ್ಸಿನಲ್ಲಿ ಸೀರೆಗಳ ನಡುವೆ ಸ್ಕೇಲು, ಪೆನ್ಸಿಲ್ಲು, ರಬ್ಬರು ಬಚ್ಚಿಟ್ಟುಕೊಂಡು ಮನೆ ಬಿಡಬೇಕಾದರೆ ಕಾರಣ ಸಣ್ಣದಿರುವುದಿಲ್ಲ.

ಕಾರಣ ಮಗಳು ವಾಣಿಯೇ. ಹರಿಹರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಯೋಗರಾಜ್ ಎಂಬ ಹುಡುಗ ಅವಳ ಕ್ಲಿನಿಕ್ಕಿಗೆ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ. ಕಿತ್ತದ್ದು ಹಲ್ಲು, ಹೋದದ್ದು ಮನಸ್ಸು. ಆಮೇಲೆ ಗಟ್ಟಿಯಾಗಿದ್ದ ಹಲ್ಲುಗಳನ್ನೂ ತೋರಿಸಿಕೊಂಡು ಹೋಗಲು ವಾರವಾರ ಬರತೊಡಗಿದ. ಎರಡೂ ಒಂದೇ ಮಠಕ್ಕೆ ನಡೆದುಕೊಳ್ಳುವ ಮನೆತನಗಳು, ಬೇಡ ಎನ್ನಲು ಯಾರಿಗೂ ಏನೂ ಸಿಗಲಿಲ್ಲ. ಸಿಕ್ಕಿದ್ದು ಹುಡುಗನ ತಾಯಿಗೆ ಮಾತ್ರ. ಜಾತಕ ಕಳಿಸಿ, ಕೂಡಿದರೆ ಮಾತುಕತೆ, ಕೂಡದಿದ್ದರೆ ನಿಮ್ಮ ದಾರಿ ನಿಮಗೆ ಎಂದು ಮಗನ ಕೈಯಲ್ಲೇ ಹೇಳಿಕಳಿಸಿದಳು. ತಾಯಿಯ ಮಾತು ಮೀರಿ ತಾಳಿ ಕಟ್ಟುವ ಹುಡುಗ ಅವನಲ್ಲ.

ಜಾತಕ ಎಲ್ಲಿಂದ ಬರಬೇಕು? ಕಸ್ತೂರಮ್ಮನ ಮಾವ ಅಜ್ಜಪ್ಪನವರ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರಿಗೂ ಜಾತಕ ಬರೆಸಿಲ್ಲ. "ಕೂಸಿಗೆ ಲಿಂಗ ಕಟ್ಟಿದ ಮೇಲೆ ಮುಗೀತು. ಎಲ್ಲಾ ಗಳಿಗೆನೂ ಶಿವಂದೇ. ಒಳ್ಳೇದು ಕೆಟ್ಟದ್ದು ಅಂತ ಆರಿಸಾಕೆ ಅದೇನು ಬದನೇಕಾಯಿ ಏನವ್ವ?" ಎನ್ನುವ ಮನುಷ್ಯ ಅವರು. ದುಡ್ಡು ಕೊಟ್ಟರೆ ಬೇಕಾದ ಜಾತಕ ಬರೆದುಕೊಡುವವರು ಪೇಟೆಯಲ್ಲೇ ಇದ್ದರು. ಆದರೆ ಆ ಜಾತಕ ಹರಿಹರ ಮುಟ್ಟುವ ಮೊದಲೇ ಅದನ್ನು ಬರೆಸಿದ ಕತೆ ಮುಟ್ಟುತ್ತಿತ್ತು. ವಾಣಿ ಬಾಯಿಬಿಟ್ಟು ಏನೂ ಕೇಳಲಿಲ್ಲ. ಒಂದು ಸಂಜೆ ಕ್ಲಿನಿಕ್ಕಿನಿಂದ ಬಂದು, ಮುಖದ ಮಾಸ್ಕು ತೆಗೆಯದೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಮಾಸ್ಕು ಒದ್ದೆಯಾಗಿತ್ತು. ಕಸ್ತೂರಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಮಗಳ ಜಾತಕವನ್ನು ತಾನೇ ಬರೆಯುತ್ತೇನೆ, ಕೂಡುವ ಹಾಗೆಯೇ ಬರೆಯುತ್ತೇನೆ ಎಂದು ಅವತ್ತೇ ತೀರ್ಮಾನಿಸಿದಳು. ಹೆತ್ತವಳಿಗಿಂತ ಚೆನ್ನಾಗಿ ಹುಟ್ಟಿದ ಹೊತ್ತು ಇನ್ಯಾರಿಗೆ ಗೊತ್ತಿರುತ್ತದೆ?

ಜ್ಯೋತಿಷ್ಯದ ಶಿಬಿರ ನಡೆಯುತ್ತಿದ್ದದ್ದು ಸಾರಥಿ ಹಳ್ಳಿಯ ಹೊರಗಿನ ಹತ್ತಿ ಸಾಹುಕಾರರ ಹಳೇ ಬಂಗಲೆಯಲ್ಲಿ. ಸಾರಥಿ ಕಸ್ತೂರಮ್ಮನ ತವರೂರು. ಅವಳು ಲಂಗ ತೊಟ್ಟ ಕಾಲದಲ್ಲಿ ಆ ಬಂಗಲೆಯ ಹಿಂದೆ ಸಾಹುಕಾರರದೇ ಹತ್ತಿ ಗಿರಣಿ ಗುಡುಗುತ್ತಿತ್ತು. ಗಿರಣಿಯ ಕೂಗೇ ಸುತ್ತಲಿನ ಹಳ್ಳಿಗಳಿಗೆ ಗಡಿಯಾರ. ಮೊದಲ ಕೂಗಿಗೆ ಎಮ್ಮೆ ಕರೆಯುವುದು, ಎರಡು ಗಂಟೆಯ ಕೂಗಿಗೆ ಹೊಲಕ್ಕೆ ಬುತ್ತಿ, ಸಂಜೆ ಕೂಗಿಗೆ ದೀಪ. ಈಗ ಗಿರಣಿಯಿಲ್ಲ. ಬಂಗಲೆಗೆ ಸುಣ್ಣ ಬಳಿದು 'ಐತಿಹಾಸಿಕ ನಕ್ಷತ್ರ ನಿವಾಸ' ಎಂದು ಬೋರ್ಡು ಹಾಕಿದ್ದರು. ಯಾವುದೋ ಮಹಾರಾಜರು ಇಲ್ಲಿ ತಂಗಿದ್ದರೆಂದೂ ಬೋರ್ಡಿನಲ್ಲಿತ್ತು. ತಂಗಿದ್ದವರು ಹತ್ತಿ ದಲಾಲರು ಮತ್ತು ಅವರ ಎತ್ತುಗಳು ಎಂದು ಊರಿಗೆಲ್ಲ ಗೊತ್ತಿತ್ತು.

ಶಿಬಿರದ ಗುರುಗಳು ಗುರುಮೂರ್ತಿ ಮೇಷ್ಟ್ರು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಭೂಮಿ ಸಾಲದೆ ಆಕಾಶಕ್ಕೆ ಕೈಹಾಕಿದವರು. ಆ ಬಂಗಲೆಯನ್ನು ಕಂಡೊಡನೆ ಅವರಿಗೆ ಮೈ ಜುಮ್ಮೆಂದಿತ್ತಂತೆ. ನಡುವೆ ಚೌಕದ ಅಂಗಳ, ಅದರ ಮಧ್ಯೆ ಬಾವಿಕಟ್ಟೆ, ಸುತ್ತ ಸರಿಯಾಗಿ ಹನ್ನೆರಡು ಕೋಣೆ. "ಇದು ಮನೆಯಲ್ಲ, ಕುಂಡಲಿ!" ಎಂದು ಕೂಗಿ, ಒಂದೊಂದು ಬಾಗಿಲಿಗೆ ಒಂದೊಂದು ರಾಶಿಯ ಹೆಸರು ಬರೆಸಿಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರವರು ಅವರವರ ರಾಶಿಯ ಕೋಣೆಯಲ್ಲೇ ಮಲಗಬೇಕೆಂದು ಕಾನೂನನ್ನೂ ಮಾಡಿದರು. ಬಂದವರಲ್ಲಿ ಹೆಚ್ಚಿನವರಿಗೆ ತಮ್ಮ ರಾಶಿಯೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಲಿಯಲು ಯಾಕೆ ಬರುತ್ತಿದ್ದರು? ಹೀಗಾಗಿ ಹನ್ನೊಂದು ಕೋಣೆ ಖಾಲಿ ಬಿದ್ದಿದ್ದವು, ಜನ ಪಡಸಾಲೆಯಲ್ಲಿ ಸಾಲಾಗಿ ಚಾಪೆ ಹಾಸಿಕೊಂಡರು.

ಕೋಣೆ ಸಿಕ್ಕಿದ್ದು ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ ಕೊಟ್ಟೂರೇಶನಿಗೆ ಮಾತ್ರ. ಮೆಣಸಿನಕಾಯಿ ರೇಟು ಯಾವ ಗ್ರಹದ ಕೈಯಲ್ಲಿದೆ ಎಂದು ತಿಳಿಯಲು ಬಂದಿದ್ದ ಅವನು, ಇಡೀ ಬಂಗಲೆಯಲ್ಲಿ ಫ್ಯಾನು ತಿರುಗುವುದು ಕುಂಭದ ಕೋಣೆಯಲ್ಲಿ ಮಾತ್ರ ಎಂಬುದನ್ನು ಒಂದೇ ನೋಟಕ್ಕೆ ಕಂಡುಕೊಂಡು, "ನಂದು ಕುಂಭ ರಾಶಿ ರೀ" ಎಂದ.

ಮೊದಲ ದಿನ ಎಲ್ಲರೂ ತಮ್ಮ ಪರಿಚಯ ಹೇಳಿಕೊಂಡರು. ಕಸ್ತೂರಮ್ಮನ ಪಕ್ಕದ ಚಾಪೆಯ ದಪ್ಪ ಹೆಂಗಸು ಎದ್ದು ನಿಂತು, "ಉಮಾಮಹೇಶ್ವರಿ ಅಂತ. ಹರಿಹರ. ಮಗ ಯೋಗರಾಜ್, ಬೀಜ ಗೊಬ್ಬರದ ಅಂಗಡಿ ಐತೆ. ಅವಂದು ವೃಷಭ ರಾಶಿ, ಆಸ್ಪತ್ರೆಯಾಗೆ ಹುಟ್ಟಿದ್ದು, ಹೊತ್ತು ಬರೆದಿಟ್ಟಾರೆ" ಎಂದಳು.

ಕಸ್ತೂರಮ್ಮನಿಗೆ ಹುಲಿಗೆ ಹೆದರಿ ಮರ ಹತ್ತಿದರೆ ಹುಲಿ ಮೊದಲೇ ಕೊಂಬೆಯ ಮೇಲೆ ಕೂತಂತಾಯಿತು. ತನ್ನ ಸರದಿ ಬಂದಾಗ ಹೆಸರು, ಊರು ಹೇಳಿ, ಮಗಳ ಸುದ್ದಿಯೆತ್ತದೆ, "ನಮ್ಮ ನೆಂಟರ ಹುಡುಗಿ ಒಬ್ಬಳದು ಜಾತಕ ಬರೀಬೇಕಿತ್ರಿ. ಶ್ರಾವಣದ ಎರಡನೇ ಸೋಮವಾರ, ಇದೇ ಗಿರಣಿ ಎರಡು ಗಂಟೆ ಕೂಗು ಕೂಗಿದಾಗ ಹುಟ್ಟಿದ್ದು" ಎಂದಳು. ಅಷ್ಟು ಮಾತ್ರ ನಿಜ. ಚೊಚ್ಚಲ ಹೆರಿಗೆ ತವರಿನಲ್ಲಿ. ವಾಣಿಯ ಮೊದಲ ಅಳು ಮತ್ತು ಗಿರಣಿಯ ಕೂಗು ಒಟ್ಟಿಗೇ ಕೇಳಿದ್ದವು.

ಮೇಷ್ಟ್ರು ಪಂಚಾಂಗ ತಿರುವಿ, "ಭಾರೀ ದಿನ ಹಿಡಿದಳು ಹುಡುಗಿ. ಅವತ್ತು ಮಧ್ಯಾಹ್ನ ಹನ್ನೆರಡರವರೆಗೆ ಚಂದ್ರ ವೃಶ್ಚಿಕದಾಗೆ, ಆಮೇಲೆ ಧನುಸ್ಸಿಗೆ ದಾಟ್ತಾನೆ. ಎರಡು ಗಂಟೆ ಅಂದ್ರೆ ಧನು" ಎಂದರು. ಉಮಾಮಹೇಶ್ವರಿ ಬಳೆ ಸರಿಮಾಡಿಕೊಳ್ಳುತ್ತ ಸುಮ್ಮನೆ ಕೇಳಿಸಿಕೊಂಡಳು.

ಪಾಠವೆಂದರೆ ನಡೆದಾಟ. ಮೇಷ್ಟ್ರಿಗೆ ಕಪ್ಪುಹಲಗೆಯ ಮೇಲೆ ನಂಬಿಕೆಯಿಲ್ಲ. ಒಬ್ಬೊಬ್ಬರನ್ನು ಒಂದೊಂದು ಗ್ರಹ ಮಾಡಿ ಅಂಗಳದ ಸುತ್ತ ಓಡಾಡಿಸುತ್ತಿದ್ದರು. ಮೊಣಕಾಲು ನೋವಿನ ಕಸ್ತೂರಮ್ಮನಿಗೆ ಬಂದದ್ದು ಎಲ್ಲರಿಗಿಂತ ಬೇಗ ಓಡುವ ಚಂದ್ರ. ಚಪ್ಪಾಳೆ ಬಿದ್ದಾಗಲೆಲ್ಲ ಅವಳು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಕುಂಟಬೇಕು. ಕೊಟ್ಟೂರೇಶ ಶನಿ. ಅವನು ಫ್ಯಾನಿನ ಕೆಳಗೆ ಮಲಗಿದವನು ಏಳಲೇ ಇಲ್ಲ. "ಶನಿ ಒಂದು ಮನೆಯಾಗೆ ಎರಡೂವರೆ ವರ್ಷ ಇರ್ತಾನೆ ಅಂತ ನೀವೇ ಹೇಳೀರಿ ಸಾರ್. ಶಿಬಿರ ಮುಗಿಯಾದ್ರಾಗೆ ನನ್ನನ್ಯಾಕ ಎಬ್ಬಿಸ್ತೀರಿ?" ಎಂದ. ಶಾಸ್ತ್ರದ ಪ್ರಕಾರ ಅವನ ಮಾತು ಸರಿ ಇತ್ತು.

ಉಮಾಮಹೇಶ್ವರಿ ರಾಹು. ರಾಹು ಹಿಂದಕ್ಕೆ ನಡೆಯುವ ಗ್ರಹ. ಆ ದಪ್ಪ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು, ಬೆನ್ನು ಮುಂದೆ ಮಾಡಿ, ದೇವರ ಹೆಸರು ಹೇಳುತ್ತ ಬಂದು ಸಿಂಹದ ಬಾಗಿಲಲ್ಲಿ ಕಸ್ತೂರಮ್ಮನಿಗೆ ಡಿಕ್ಕಿ ಹೊಡೆದಳು. ಇಬ್ಬರೂ ಧೊಪ್ಪನೆ ಕೂತರು.

"ಗ್ರಹಣ! ಚಂದ್ರಗ್ರಹಣ!" ಎಂದು ಮೇಷ್ಟ್ರು ಖುಷಿಯಿಂದ ಕುಣಿದಾಡಿದರು.

ಅದನ್ನು ಕೇಳಿದ್ದೇ ತಡ, ಅಡುಗೆಮನೆಯಲ್ಲಿದ್ದ ಕೆಂಚಣ್ಣ ಒಲೆ ಆರಿಸಿಬಿಟ್ಟ. ಕೆಂಚಣ್ಣ ಹಿಂದೆ ಅದೇ ಗಿರಣಿಯಲ್ಲಿದ್ದ ಆಳು, ಈಗ ಬಂಗಲೆಯ ಅಡುಗೆ ಮತ್ತು ಕಾವಲು ಎರಡೂ ಅವನದೇ. "ಇದು ಪಾಠದ ಗ್ರಹಣ ಮಾರಾಯಾ, ಖರೆ ಗ್ರಹಣ ಅಲ್ಲ" ಎಂದು ಮೇಷ್ಟ್ರು ಎಷ್ಟು ಹೇಳಿದರೂ, "ಗ್ರಹಣ ಅಂತ ನೀವೇ ಬಾಯಿ ಮಾಡಿದ್ರಿ ಸ್ವಾಮಿ. ಬಿಡ್ಲಿ, ಆಮೇಲೆ ಒಲೆ ಹಚ್ತೀನಿ" ಎಂದು ತಲೆಯ ಮೇಲೆ ಟವೆಲ್ ಹೊದ್ದು ಕೂತ. ಗ್ರಹಣ ಬಿಡುವುದು ಸುಲಭವಿರಲಿಲ್ಲ. ಚಂದ್ರನಿಗೂ ರಾಹುವಿಗೂ ಮೊಣಕಾಲು ಹಿಡಿದು ಏಳಲಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಕೊಟ್ಟೂರೇಶ ದಯಮಾಡಿ ಕೊಟ್ಟ ಮಂಡಕ್ಕಿಯನ್ನು ಒಂದೇ ಮೊರದಲ್ಲಿ ಹಂಚಿಕೊಂಡು ತಿನ್ನುತ್ತ ಇಬ್ಬರು ಹೆಂಗಸರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತಲೇ ಉಮಾಮಹೇಶ್ವರಿ ಅತ್ತುಬಿಟ್ಟಳು.

"ನನ್ನ ಹಿರೇ ಮಗಳು ಭಾಗ್ಯಲಕ್ಷ್ಮಿ" ಎಂದಳು. "ಹೊಳೆ ಆಚೆ ನನ್ನ ತವರಾಗೆ ಹುಟ್ಟಿದ್ದು. ಜಾತಕ ನೋಡಿಸೇ ಕೊಟ್ಟಿದ್ದೆ ಕಸ್ತೂರಕ್ಕ. ಎಲ್ಲಾ ಕೂಡಿದ್ವು, ಇಂಥ ಕೂಟ ಕಂಡೇ ಇಲ್ಲ ಅಂದಿದ್ರು. ವರ್ಷ ತುಂಬಾದ್ರಾಗೆ ಬರೆ ಎಳೆಸ್ಕೊಂಡು ಮನೆಗೆ ಬಂದ್ಲು. ಅವಳು ಬ್ಯಾಡ ಅಂದಿದ್ಲು, ನಾನೇ ಜಾತಕ ತೋರಿಸಿ ಒಪ್ಪಿಸಿದ್ದೆ. ಈಗ ನನ್ನ ಜೊತೆ ಮಾತಾಡ್ತಾಳೆ, ಕಣ್ಣಾಗೆ ಕಣ್ಣಿಟ್ಟು ಮಾತಾಡಲ್ಲ. ಅದಕ್ಕೇ ಮಗಂದು ಬ್ಯಾರೆಯೋರ ಕೈಯಾಗೆ ಕೊಡಾಕಿಲ್ಲ, ನಾನೇ ಕಲ್ತು ನೋಡ್ತೀನಿ."

ಕಸ್ತೂರಮ್ಮ ಅವಳ ಬೆನ್ನು ಸವರಿದಳು. ಈ ಹೆಂಗಸನ್ನು ರಾಕ್ಷಸಿ ಎಂದುಕೊಂಡು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ಜೊತೆಗೇ, ಇವಳಿಗೆ ಸುಳ್ಳು ಜಾತಕ ಕೊಡಲು ಹೊರಟಿದ್ದೇನಲ್ಲ ಎಂದು ಎದೆ ಭಾರವಾಯಿತು. ಆದರೆ ಒದ್ದೆಯಾದ ಮಾಸ್ಕು ಕಣ್ಣ ಮುಂದೆ ಬಂದೊಡನೆ ಭಾರವನ್ನು ಹಾಗೇ ನುಂಗಿದಳು.

ಅಷ್ಟರಲ್ಲಿ ಅವಳಿಗೆ ಲೆಕ್ಕ ಗೊತ್ತಾಗಿತ್ತು. ಹುಡುಗ ವೃಷಭ, ಹುಡುಗಿ ಧನು ಎಂದರೆ ಒಂದು ಕಡೆಯಿಂದ ಎಣಿಸಿದರೆ ಎಂಟನೇ ಮನೆ, ಇನ್ನೊಂದು ಕಡೆಯಿಂದ ಆರು. ಮೇಷ್ಟ್ರ ಪ್ರಕಾರ ಎಣ್ಣೆ ಸೀಗೇಕಾಯಿ. ಅದೇ ಹುಡುಗಿ ವೃಶ್ಚಿಕವಾದರೆ ಇಬ್ಬರೂ ಎದುರುಬದುರು ಮನೆ, ಚಿನ್ನದಂಥ ಜೋಡಿ. ವಾಣಿಯನ್ನು ಎರಡು ಗಂಟೆಯಿಂದ ಹನ್ನೊಂದಕ್ಕೆ ಸರಿಸಿದರೆ ಮುಗಿಯಿತು. ಹೆರಿಗೆ ನೋವು ಮೂರು ಗಂಟೆ ಕಡಿಮೆ ತಿಂದೆ ಅಂದುಕೊಂಡರಾಯಿತು ಎಂದು ರಬ್ಬರಿನಿಂದ ಉಜ್ಜಿ ಕಸ್ತೂರಮ್ಮ ಮಗಳನ್ನು ಬೆಳಗ್ಗೆಯೇ ಹೆತ್ತಳು.

ಕೊನೆಯ ದಿನ ಪರೀಕ್ಷೆ. ಗಂಡಿನ ಜಾತಕ ಬರೆದವರೊಬ್ಬರು, ಹೆಣ್ಣಿನ ಜಾತಕ ಬರೆದವರೊಬ್ಬರು ಬಂದು ಅವರವರ ರಾಶಿಯ ಬಾಗಿಲಲ್ಲಿ ನಿಲ್ಲಬೇಕು, ಮೇಷ್ಟ್ರು ಎಣಿಸುತ್ತಾರೆ. ಕರೆಯುವ ಮುಂಚೆಯೇ ಉಮಾಮಹೇಶ್ವರಿಯೂ ಕಸ್ತೂರಮ್ಮನೂ ಎದ್ದಿದ್ದರು. ಕಸ್ತೂರಮ್ಮ ತಲೆ ತಗ್ಗಿಸಿ ಅಂಗಳ ದಾಟಿ ವೃಶ್ಚಿಕದ ಹೊಸ್ತಿಲ ಮೇಲೆ ನಿಂತಳು. ಬಾವಿಕಟ್ಟೆಯ ಆಚೆ, ಎದುರಿನ ವೃಷಭದ ಬಾಗಿಲಲ್ಲಿ ಉಮಾಮಹೇಶ್ವರಿಯ ಮುಖ ಕಾಣಬೇಕಿತ್ತು. ಬಾಗಿಲು ಖಾಲಿ. ಉಮಾಮಹೇಶ್ವರಿ ಅದರ ಪಕ್ಕದ ಮಿಥುನದಲ್ಲಿ ನಿಂತು, ತನ್ನೆದುರಿನ ಧನುಸ್ಸಿನ ಖಾಲಿ ಬಾಗಿಲನ್ನು ಬಾಯಿ ತೆರೆದು ನೋಡುತ್ತಿದ್ದಳು.

ಮೇಷ್ಟ್ರು ಕೋಲು ಹಿಡಿದು ಬಾಗಿಲು ಬಾಗಿಲು ಎಣಿಸುತ್ತ ಬಂದರು. "ಎಂಟು. ಕೂಡಾಂಗಿಲ್ಲ."

"ನೀವ್ಯಾಕ ಅಲ್ಲಿ ನಿಂತೀರಿ?" ಎಂದು ಉಮಾಮಹೇಶ್ವರಿ ಕಿರುಚಿದಳು. "ಹುಡುಗಿ ಧನು ಅಂದಿದ್ರಲ್ಲ!"

"ನಿಮ್ಮ ಮಗ ವೃಷಭ ಅಂತ ನೀವೇ ಅಂದಿದ್ರಿ! ಮಿಥುನಕ್ಕೆ ಯಾವಾಗ ಜಿಗಿದ?"

"ನಿಮ್ಮ ಮಗಳಿಗೆ ಹೊಂದ್ಲಿ ಅಂತ ರಾತ್ರಿಗೆ ಹುಟ್ಟಿಸಿದೆ ಕಣ್ರೀ!"

ನಿಮ್ಮ ಮಗಳು ಎಂಬ ಮಾತು ಅಂಗಳದ ನಡುವೆ ಬಿತ್ತು. ಕಸ್ತೂರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮಗೆ ಗೊತ್ತಿತ್ತಾ?"

"ಮೊದಲ ದಿನಾನೇ ಗೊತ್ತು. ಹುಡುಗಿ ಫೋಟೋ ಮಗ ತೋರಿಸಿದ್ದ. ನಿಮ್ಮ ಮೂಗೇ ಅವಳ ಮುಖದಾಗೆ ಐತೆ. ಜೊತೆಗೆ ಉಂಡು ಮಲಗಿ ನೋಡಿದ ಮೇಲೆ, ಸಂಬಂಧ ಮಾಡಿದ್ರೆ ಇವರ ಜೊತೆಗೇ ಮಾಡ್ಬೇಕು ಅನ್ನಿಸ್ತು."

ಇಬ್ಬರಿಗೂ ನಾಚಿಕೆಯಾಯಿತು. ನಾಚಿಕೆಯಿಂದಲೇ ಇಬ್ಬರೂ ಒಮ್ಮೆಗೇ ನಿಜಕ್ಕೆ ಸರಿದರು. ಕಸ್ತೂರಮ್ಮ ಧನುಸ್ಸಿಗೆ, ಉಮಾಮಹೇಶ್ವರಿ ವೃಷಭಕ್ಕೆ. ಮೇಷ್ಟ್ರು ಮತ್ತೆ ಎಣಿಸಿದರು. "ಎಂಟೇ."

"ಅಯ್ಯ, ಒಬ್ರು ಸರೀರಿ, ಒಬ್ರು ನಿಂದ್ರಿ!" ಎಂದು ಕೊಟ್ಟೂರೇಶ ಕುಂಭದಿಂದಲೇ ಕೂಗಿದ. "ಇಬ್ರೂ ಖರೆ ಹೇಳಿದ್ರೂ ಕೂಡಲ್ಲ, ಇಬ್ರೂ ಸುಳ್ಳು ಹೇಳಿದ್ರೂ ಕೂಡಲ್ಲ. ವ್ಯಾಪಾರದಾಗೂ ಹಿಂಗೇ, ಒಬ್ರೇ ಸುಳ್ಳು ಹೇಳ್ಬೇಕು."

"ನೀವು ಇರ್ರಿ ಉಮಕ್ಕ, ನಾ ಸರೀತೀನಿ."

"ಬ್ಯಾಡ ಬ್ಯಾಡ, ನೀವು ಹೆಣ್ಣಿನ ಕಡೆಯೋರು, ನಾನೇ ಸರೀತೀನಿ."

ಬಸ್ಸಿನ ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ಇಬ್ಬರೂ ಸಿಕ್ಕಿಹಾಕಿಕೊಳ್ಳುವ ಊರು ನಮ್ಮದು. ಇಬ್ಬರೂ ಮತ್ತೆ ಒಟ್ಟಿಗೇ ಸರಿದರು, ಮತ್ತೆ ಎಂಟು. ಮರ್ಯಾದೆಗೆ ಇಬ್ಬರೂ ಮರಳಿದರು, ಮತ್ತೆ ಎಂಟು. ಎಣಿಸಿ ಎಣಿಸಿ ಮೇಷ್ಟ್ರು ತಲೆ ತಿರುಗಿ ಬಾವಿಕಟ್ಟೆ ಹಿಡಿದುಕೊಂಡರು.

ಇದ್ದಕ್ಕಿದ್ದಂತೆ ಉಮಾಮಹೇಶ್ವರಿ ವೃಷಭದ ಹೊಸ್ತಿಲ ಮೇಲೆ ಕುಸಿದು ಕೂತಳು. "ನನ್ನ ಕೈಲಿ ಆಗಲ್ಲ ಕಸ್ತೂರಕ್ಕ" ಎಂದಳು. "ಎಲ್ಲಾ ಕೂಡಿದ್ದೇ ಮುರೀತು. ಸುಳ್ಳು ಕೂಡಿಸಿ ಮಾಡಿದ್ದು ಉಳಿತೈತಾ? ನಾಳೆ ನಿಮ್ಮ ಮಗಳೂ ನನ್ನ ಕಡೆ ಕಣ್ಣೆತ್ತಿ ನೋಡದಂಗೆ ಆದ್ರೆ? ಬ್ಯಾಡ. ಬಿಟ್ಟುಬಿಡ್ರಿ."

ಕಸ್ತೂರಮ್ಮ ಮನೆಗೆ ಹೋಗಿ ವಾಣಿಗೆ ಏನೆಂದು ಹೇಳುವುದು? ಚಂದ್ರ ಒಂದು ಹೊಸ್ತಿಲು ಮುಂದೆ ಹೋಗಿದ್ದ ಎಂದು ಹೇಳುವುದೆ? "ಗಿರಣಿ ಕೂಗಿದ ಹೊತ್ತಿಗೆ ಹೆತ್ತೆ, ನನ್ನ ತಪ್ಪೇನೈತೆ ಶಿವನೇ" ಎಂದು ಅವಳೂ ಗೋಳಾಡಿದಳು.

ಊಟಕ್ಕೆ ಕರೆಯಲು ಸೌಟು ಹಿಡಿದೇ ಬಂದಿದ್ದ ಕೆಂಚಣ್ಣ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಯಾವ ಕೂಗು ತಂಗಿ? ಎರಡು ಗಂಟೆದಾ? ಅದನ್ನ ಕೂಗಿಸ್ತಿದ್ದೋನು ನಾನೇ ಅಲ್ಲೇನು."

"ಶ್ರಾವಣದ ಎರಡನೇ ಸೋಮವಾರ, ಕೆಂಚಣ್ಣ. ನನ್ನ ಮಗಳು ಹುಟ್ಟಿದ್ದು."

"ಶ್ರಾವಣ ಸೋಮವಾರ!" ಕೆಂಚಣ್ಣ ನಕ್ಕ. "ಅವತ್ತು ನಂದು ಒಪ್ಪತ್ತು ಕಣವ್ವ, ಪೂಜೆ ಮುಗಿಸಿ ಒಂದೇ ಊಟ. ಹಸಿವು ತಡೀಬೇಕಲ್ಲ? ಸಾಹುಕಾರರು ದಾವಣಗೆರೆಯಾಗೆ, ಗಿರಣಿ ಗಡಿಯಾರ ಕೆಟ್ಟು ಯಾವ ಕಾಲ ಆಗಿತ್ತೋ. ಎರಡು ಗಂಟೆ ಕೂಗು ಅಂತ ಹೆಸರಷ್ಟೆ. ಶ್ರಾವಣ ಸೋಮವಾರ ಹನ್ನೊಂದಕ್ಕೇ ಕೂಗಿಸಿ ಮನೆಗೆ ಓಡ್ತಿದ್ದೆ."

ಹಾಗಾದರೆ ವಾಣಿ ನಿಜವಾಗಿಯೂ ಬೆಳಗ್ಗೆಯೇ ಹುಟ್ಟಿದವಳು, ನಿಜವಾಗಿಯೂ ವೃಶ್ಚಿಕ. ಕಸ್ತೂರಮ್ಮ ಹೇಳಿದ್ದ ಸುಳ್ಳೇ ನಿಜ, ನಿಜವೇ ಸುಳ್ಳು. ಆಮೇಲೆ ಒಮ್ಮೆಗೇ ಗದ್ದಲ ಎದ್ದಿತು. ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದವರು, ಹೆತ್ತವರು, ಹೆಣ್ಣು ತಂದವರು ಎಲ್ಲರೂ ಕೆಂಚಣ್ಣನ ಮುಂದೆ ಸಾಲುಗಟ್ಟಿದರು. ಸಾಲಿನ ಮೊದಲಿಗೆ ಗುರುಮೂರ್ತಿ ಮೇಷ್ಟ್ರು. "ನನ್ನ ಹೆಂಡತಿ ಈ ಕಡೆಯೋಳೇ ಕೆಂಚಣ್ಣ. ಮಗ ಸಂಜೆ ಕೂಗಿಗೆ ಹುಟ್ಟಿದ. ಬುಧ ಬಲವಾಗಿದಾನೆ ಅಂತ ಕಾಮರ್ಸ್ ಓದಿಸಿದೆ, ಮೂರು ಸಲ ಫೇಲಾದ!" ಎಂದು ಅಳುದನಿಯಲ್ಲಿ ಹೇಳಿಕೊಂಡರು. ಕೊಟ್ಟೂರೇಶ ಕೂಡ ಕುಂಭ ಬಿಟ್ಟು ಎದ್ದು ಬಂದ. ಶನಿ ಮನೆ ಬದಲಿಸಿದ್ದು ಶಿಬಿರದಲ್ಲಿ ಅದೊಂದೇ ಸಲ.

ಸಾಲಿನ ಕೊನೆಯಲ್ಲಿ ಉಮಾಮಹೇಶ್ವರಿ ನಿಂತಿದ್ದಳು. ಮಗನದನ್ನು ಅವಳು ಕೇಳಲಿಲ್ಲ. "ನನ್ನ ಮಗಳು ಭಾಗ್ಯಂದು" ಎಂದಳು. "ಹೊಳೆ ಆಚೆ, ಅಲ್ಲಿಗೂ ಇದೇ ಗಿರಣಿ ಕೂಗು ಕೇಳ್ತಿತ್ತು. ಬಾಳ ವರ್ಷದ ಮಾತು. ಉಗಾದಿ ಮರುದಿನ, ಸಂಜೆ ಕೂಗಿಗೆ. ಆ ಕೂಗು ಸರಿ ಇತ್ತಾ ಅಣ್ಣ?"

ಕೆಂಚಣ್ಣ ಸೌಟಿನಿಂದ ಬೆನ್ನು ಕೆರೆದುಕೊಂಡು ಅವಳ ಮುಖವನ್ನೇ ನೋಡಿದ.

"ಇಲ್ಲ ತಾಯಿ" ಎಂದ. "ಉಗಾದಿ ಹೋಳಿಗೆ ಉಂಡು ಮರುದಿನ ನಿದ್ದೆ ಹೋಗಿಬಿಟ್ಟಿದ್ದೆ. ಕತ್ತಲಾದ ಮೇಲೆ ಎಚ್ಚರಾಗಿ ಕೂಗಿಸಿದೆ. ನಿಮ್ಮ ಮಗಳ ಜಾತಕ ಕೆಡಿಸಿದೋನು ನಾನು. ತಪ್ಪು ನಂದು, ನಿಮ್ಮದಲ್ಲ."

ಉಮಾಮಹೇಶ್ವರಿ ಅವನನ್ನು ಬೈದಳು. "ನಿನ್ನ ನಿದ್ದೆಗೆ ಬೆಂಕಿ ಹಾಕ! ನಿನ್ನ ಹೋಳಿಗೆಗೆ ಮಣ್ಣು ಬೀಳ!" ಎಂದು ಶುರು ಮಾಡಿ, ಇಷ್ಟು ವರ್ಷ ತನಗೆ ತಾನೇ ಬೈದುಕೊಂಡಿದ್ದನ್ನೆಲ್ಲ ಆ ಮುದುಕನ ತಲೆಯ ಮೇಲೆ ಸುರಿದಳು. ಕೆಂಚಣ್ಣ ಸೌಟು ಹಿಡಿದು, ತಲೆ ತಗ್ಗಿಸಿ, ಹೌದವ್ವ ಹೌದವ್ವ ಎನ್ನುತ್ತ ಎಲ್ಲವನ್ನೂ ಹೊತ್ತುಕೊಂಡ. ಬೈದು ಬೈದು ಸಾಕಾದ ಮೇಲೆ ಅವಳು ಸೆರಗಿನಿಂದ ಮುಖ, ಮೂಗು ಒರೆಸಿಕೊಂಡು, ನೆಟ್ಟಗೆ ಹೋಗಿ ವೃಷಭದ ಬಾಗಿಲಲ್ಲಿ ನಿಂತಳು. ಕಸ್ತೂರಮ್ಮ ವೃಶ್ಚಿಕದಲ್ಲಿ ನಿಂತಳು. ಬಾವಿಕಟ್ಟೆಯ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಷ್ಟ್ರು ಎಣಿಸಿ, "ಏಳು" ಎಂದರು.

ಎಲ್ಲರೂ ಎಲೆ ಮುಂದೆ ಕೂಡುವ ಹೊತ್ತಿಗೆ ಕಸ್ತೂರಮ್ಮ ಅಡುಗೆಮನೆಗೆ ಹೋದಳು. ಒಂದು ವಿಷಯ ಅವಳ ತಲೆಯಲ್ಲಿ ಕೊರೆಯುತ್ತಿತ್ತು. "ಕೆಂಚಣ್ಣ, ಅಷ್ಟು ಹಳೇ ಉಗಾದಿ ನಿನಗೆ ಹೆಂಗೆ ನೆನಪೈತೆ?"

"ಆ ಮಗಳಿಗೆ ಈಗ ವಯಸ್ಸೆಷ್ಟು?"

"ಮೂವತ್ತಾರಂತೆ."

ಕೆಂಚಣ್ಣ ಮುದ್ದೆ ಕಟ್ಟುತ್ತ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಆಗ ನಾನು ಹರಪನಹಳ್ಳಿ ಕಡೆ ಕುರಿ ಕಾಯ್ತಿದ್ದೆ ತಂಗಿ. ಗಿರಣಿಗೆ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ."

ಕಸ್ತೂರಮ್ಮ ಇನ್ನೂ ಹತ್ತಿರ ಬಂದಳು. "ಮತ್ತೆ ನನ್ನ ವಾಣಿ ಹುಟ್ಟಿದ ದಿನ?"

"ಒಪ್ಪತ್ತು ಮಾಡ್ತಿದ್ದೆ ಅನ್ನೋದು ಖರೆ" ಎಂದು ಕೆಂಚಣ್ಣ ಮುದ್ದೆಯನ್ನು ತಟ್ಟೆಗೆ ಇಳಿಸಿದ. "ಹಸಿವು ತಡಕೊಂಡಿದ್ನೋ ಇಲ್ವೋ, ಅದು ಶಿವನಿಗೇ ಗೊತ್ತು."

ಎಲ್ಲಾ ಗಳಿಗೆಯೂ ಶಿವನದೇ ಎಂದು ಮನೆಯಲ್ಲಿ ಹೇಳುವ ಮಾವನವರ ನೆನಪಾಗಿ ಕಸ್ತೂರಮ್ಮನಿಗೆ ನಗು ಬಂತು, ಕಣ್ಣೂ ತುಂಬಿತು. ಅವಳು ಮತ್ತೇನೂ ಕೇಳದೆ ಸಾರಿನ ಪಾತ್ರೆ ಎತ್ತಿಕೊಂಡಳು. ಪಡಸಾಲೆಯಲ್ಲಿ ಉಮಾಮಹೇಶ್ವರಿ ಫೋನು ಕಿವಿಗಿಟ್ಟು, "ಭಾಗ್ಯಾ, ಒಂದು ಮಾತು ಹೇಳ್ತೀನಿ, ಇಡಬ್ಯಾಡ" ಎನ್ನುತ್ತಿದ್ದಳು. ಕಸ್ತೂರಮ್ಮನನ್ನು ಕಂಡು, ಇನ್ನೊಂದು ಕೈಯಿಂದ ಪಕ್ಕದ ಎಲೆ ತಟ್ಟಿ ತೋರಿಸಿದಳು.

"ಬರ್ರಿ ಬೀಗಿತ್ತೇರೇ, ಕೂಡ್ರಿ. ಮುದ್ದೆ ಆರ್ತೈತೆ."